ಕತ್ತರಿ ಹಿಡಿಯುವ ಮೊದಲು



ಮಾತೆ ಮರಿಯಮ್ಮನವರ ಗವಿಯ ಪಕ್ಕದ ಬಳ್ಳಿಗುಲಾಬಿ ನಿಮಗೆಲ್ಲ ಗೊತ್ತಿರುವುದೇ. ಬಹಳ ವರ್ಷ ಯಾರೂ ಕೈ ಹಚ್ಚದೆ ಅದು ಮುಳ್ಳಿನ ಪೊದೆಯಾಗಿತ್ತು. ಹೂ ಬಿಟ್ಟರೂ ತುದಿಯಲ್ಲಿ ಒಂದೆರಡು. ಕಳೆದ ಅಕ್ಟೋಬರಿನಲ್ಲಿ ಜಪಸರದ ತಿಂಗಳಿಗೆ ಅಂಗಳ ಸ್ವಚ್ಛ ಮಾಡಲು ಬಂದ ನಾವು ಯುವಕರು ಅದನ್ನು ಬುಡಸಮೇತ ಕಿತ್ತುಹಾಕಲು ಹೊರಟಿದ್ದೆವು. ಆಗ ಅದನ್ನು ನೆಟ್ಟ ಅಜ್ಜಿ ಬಂದು, "ಯಾವ ಟೊಂಗಿ ಸತ್ತೈತಿ, ಯಾವುದಕ್ಕ ಜೀವ ಐತಿ ಅಂತ ನೋಡೀರೇನು ತಮ್ಮಾ?" ಎಂದು ಕೇಳಿದರು. ನಾವು ನೋಡಿರಲಿಲ್ಲ.

ಜತ್ತ ತಾಲೂಕಿನ ನಮಗೆ ಕತ್ತರಿ ಹೊಸದಲ್ಲ. ದ್ರಾಕ್ಷಿ ತೋಟಗಳಲ್ಲಿ ವರ್ಷಕ್ಕೆ 2 ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಚಾಟಣಿ ನಡೆಯುತ್ತದೆ. ಮೊದಲನೆಯದು ಹೊಸ ಕಡ್ಡಿ ಬೆಳೆಸಲು, ಎರಡನೆಯದು ಹಣ್ಣು ಹಿಡಿಯಲು. ಹಾಗಾಗಿ ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಸವರುವವರು ಪಿತದೇವರು, ನಾವು ಬರೀ ಕೊಂಬೆಗಳು. ಕೊಂಬೆಯೇ ಕತ್ತರಿ ಹಿಡಿದರೆ, ಅದು ಯಾವ ಅಧಿಕಾರದಿಂದ?

ದ್ರಾಕ್ಷಿ ಚಾಟಣಿಗೆ ಹೋಗುವ ಕಾಕಾ ಒಬ್ಬರು ನಮಗೆ ಕೆಲಸ ಕಲಿಸಿದರು. ಉಗುರಿನಿಂದ ಸಿಪ್ಪೆ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ ಇದೆ, ಕಂದಾಗಿ ಒಣಗಿದ್ದರೆ ಇಲ್ಲ. ಮೊದಲ ದಿನ ಒಣಗಿದ್ದನ್ನಷ್ಟೇ ತೆಗೆದೆವು. ಆಮೇಲೆ ಕಸಿಯ ಗಂಟಿನ ಕೆಳಗಿಂದ ಎದ್ದ ಚಿಗುರುಗಳನ್ನು ಕಿತ್ತೆವು. ಎಲ್ಲಕ್ಕಿಂತ ಹುಲುಸಾಗಿದ್ದವು ಅವೇ. ಆದರೆ ಅವು ನಮ್ಮ ಗುಲಾಬಿಯವಲ್ಲ, ಕಸಿ ಕಟ್ಟಲು ಬಳಸಿದ ಬೇರುಗಿಡದವು. ಹಳೆಯ ದಪ್ಪ ಕಾಂಡಗಳಲ್ಲಿ ಈ ವರ್ಷ ಮೂರರಲ್ಲೊಂದು ಪಾಲು ಮಾತ್ರ. ಒಮ್ಮೆಲೇ ಎಲ್ಲ ತೆಗೆದರೆ ಎಲೆಗಳಿಲ್ಲದೆ ಗಿಡ ಸೊರಗುತ್ತದೆ.

ಉಳಿದದ್ದು ಹಸಿರಾಗಿದ್ದೂ ಹೂ ಬಿಡದ ನಾಲ್ಕೈದು ಉದ್ದನೆಯ ಕಾಂಡಗಳು. ಅವನ್ನೂ ಕತ್ತರಿಸಲು ಹೋದಾಗ ಬಿ.ಎಸ್ಸಿ.ಯಲ್ಲಿ ಓದಿದ ಪಾಠ ನೆನಪಾಯಿತು. ಕಾಂಡ ನೆಟ್ಟಗೆ ನಿಂತಾಗ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸ ಕೆಳಗಿನ ಮೊಗ್ಗುಗಳನ್ನು ತಡೆದಿಡುತ್ತದೆ. ಅದೇ ಕಾಂಡವನ್ನು ಅಡ್ಡ ಬಾಗಿಸಿದರೆ ಉದ್ದಕ್ಕೂ ಇರುವ ಮೊಗ್ಗುಗಳು ಏಳುತ್ತವೆ. ಬಾಗಿಸಿ ತಂತಿಗೆ ಕಟ್ಟಿದೆವು. ಕ್ರಿಸ್ಮಸ್ ಹೊತ್ತಿಗೆ ಅವುಗಳ ಮೈತುಂಬ ಹೂ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಕನ್ನಡ ಪೂಜೆಗೆ ಜನ ಕಡಿಮೆ, ಎಲ್ಲರಿಗೂ ಮರಾಠಿ ಬರುತ್ತದೆ, ಅದನ್ನು ನಿಲ್ಲಿಸಿದರಾಯಿತು ಎಂಬ ಮಾತು ಒಂದು ಸಭೆಯಲ್ಲಿ ಬಂತು. ಅಂದು ತಲೆ ಅಲ್ಲಾಡಿಸಿದವರಲ್ಲಿ ನಾನೂ ಒಬ್ಬ. ಸಿಪ್ಪೆ ಕೆರೆದು ನೋಡಿರಲಿಲ್ಲ. ಆ ಅಜ್ಜಿ ಪಾಪನಿವೇದನೆ ಮಾಡುವುದು ಯಾವ ಭಾಷೆಯಲ್ಲಿ? ಹುಡುಗರು ಬರುತ್ತಿಲ್ಲವೆಂದರೆ ಕೊಂಬೆ ಸತ್ತಿದೆಯೋ, ಅಥವಾ ವಾಚನ, ಹಾಡು ಯಾವುದನ್ನೂ ಅವರ ಕೈಗೆ ಕೊಡದೆ ನಾವೇ ನೆಟ್ಟಗೆ ನಿಲ್ಲಿಸಿಟ್ಟಿದ್ದೇವೆಯೋ?

ಕತ್ತರಿಸಬೇಕಾದದ್ದು ನಮ್ಮಲ್ಲಿ ಇಲ್ಲವೆಂದಲ್ಲ. ಕನ್ನಡದ ಮೇಲಿನ ಪ್ರೀತಿ ನಮ್ಮ ಗುಲಾಬಿ. ಮರಾಠಿ ಹಾಡು ಶುರುವಾದರೆ ಬಾಯಿ ಮುಚ್ಚಿ ನಿಲ್ಲುವ ಹಟ ಗಂಟಿನ ಕೆಳಗಿನ ಚಿಗುರು. ಅದೂ ಹುಲುಸಾಗಿಯೇ ಬೆಳೆಯುತ್ತದೆ.

ಅಧಿಕಾರದ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟು: ಮುಟ್ಟಿ ನೋಡಿದವರು, ಮೊದಲು ತಮ್ಮ ಹಟವನ್ನು ಸವರಿಕೊಂಡವರು, ಕತ್ತರಿಸಿದ ಮೇಲೂ ನೀರು ಹೊತ್ತು ತರುವವರು ಮಾತ್ರ ಕತ್ತರಿ ಹಿಡಿಯಬಹುದು. ನಮ್ಮ ಬರದ ಊರಲ್ಲಿ ಕೊನೆಯದೇ ಕಷ್ಟ.

ಒಂದು ಕಾಂಡ ಮಾತ್ರ ಕೆರೆದರೂ ಹಸಿರೋ ಕಂದೋ ತಿಳಿಯಲಿಲ್ಲ. ಅದನ್ನು ಹಾಗೇ ಬಿಟ್ಟಿದ್ದೇವೆ. ಬರುವ ಅಕ್ಟೋಬರಿನಲ್ಲಿ ಎರಡನೇ ಪಾಲಿನ ಕೆಲಸವಿದೆ. ಕನ್ನಡದವರೂ ಮರಾಠಿಯವರೂ ಬನ್ನಿ. ಕೈಗವಸು ತನ್ನಿ, ಮುಳ್ಳು ಬಹಳ.