ಕರುಣೆಗಿಂತ ಗೌರವ ಮೇಲು

ಅನ್ಯಾಯವು ಎಲ್ಲ ಕಾಲದಲ್ಲಿಯೂ ಕ್ರೌರ್ಯದ ರೂಪದಲ್ಲಿಯೇ ಬರುವುದಿಲ್ಲ. ಒಮ್ಮೊಮ್ಮೆ ಕರುಣೆಯ ವೇಷವನ್ನು ಧರಿಸಿಯೂ ಬರುವುದುಂಟು. ಮನೆಯಲ್ಲಿ ಕಣ್ಣು ಕಾಣದ ಮಗನೋ ನಡೆಯಲಾರದ ಮಗಳೋ ಇರುವರೆಂದು ಭಾವಿಸಿರಿ. ಉಳಿದ ಮಕ್ಕಳಿಗೆ ಹದಿನೆಂಟು ತುಂಬಿದೊಡನೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರುವುದು. ಈ ಮಗುವಿನ ಸರದಿ ಬಂದಾಗ ಮಾತ್ರ, 'ಪಾಪ, ಅದಕ್ಕೇಕೆ ಆ ತೊಂದರೆ?' ಎನ್ನುವರು. ಮಾತಿನಲ್ಲಿ ಮಮತೆಯಿದೆ, ನಿಜ. ಆದರೆ ಅದರ ಫಲವೇನು? ಒಬ್ಬ ಪ್ರಜೆಯ ಹೆಸರೇ ಇಲ್ಲವಾಗುವುದು.

ನಮ್ಮ ಸಂವಿಧಾನದ 326ನೆಯ ವಿಧಿಯು ವಯಸ್ಕರೆಲ್ಲರಿಗೂ ಮತದ ಹಕ್ಕನ್ನು ನೀಡಿದೆ. 1989ರಲ್ಲಿ ಆ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಕಣ್ಣು, ಕಾಲು, ಕಿವಿಗಳ ಬಲವನ್ನು ಅದು ಎಲ್ಲಿಯೂ ಕೇಳಿಲ್ಲ. ಬುದ್ಧಿ ಮಂದವೆಂಬ ಮಾತ್ರಕ್ಕೆ ಹಕ್ಕು ಹೋಗದು. ಅಸ್ವಸ್ಥಚಿತ್ತರೆಂದು ಅಧಿಕಾರವುಳ್ಳ ನ್ಯಾಯಾಲಯ ಘೋಷಿಸಿದವರಿಗೆ ಮಾತ್ರ 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಆ ನಿರ್ಬಂಧ. ಅದನ್ನು ನಿರ್ಣಯಿಸುವ ಅಧಿಕಾರ ಮನೆಯವರಿಗಾಗಲಿ ನೆರೆಯವರಿಗಾಗಲಿ ಇಲ್ಲ.

'ಅವರು ಮತ ಹಾಕುವುದಾದರೂ ಹೇಗೆ?' ಎಂಬ ಶಂಕೆ ಸಹಜ. ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಅಂಧರೂ ಅಶಕ್ತರೂ ಒಬ್ಬ ವಯಸ್ಕ ಸಹಾಯಕನನ್ನು ಒಳಗೆ ಕರೆದೊಯ್ಯಬಹುದು. ಆತನು ಗೋಪ್ಯವನ್ನು ಕಾಯುವೆನೆಂದು ಬರೆದುಕೊಡಬೇಕು, ಅಂದು ಮತ್ತೊಬ್ಬರಿಗೆ ಸಹಾಯಕನಾಗುವಂತಿಲ್ಲ. ಮತಗಟ್ಟೆಗಳು ಅಂಗವಿಕಲರಿಗೆ ಸುಗಮವಾಗಿರಬೇಕೆಂದು 2016ರ ಕಾಯಿದೆ ವಿಧಿಸಿದೆ. ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳವರು ಮುಂಚಿತವಾಗಿ ಅರ್ಜಿ ಸಲ್ಲಿಸಿದರೆ ಸಿಬ್ಬಂದಿಯೇ ಮನೆಗೆ ಬಂದು ಮತ ಪಡೆಯುವ ಏರ್ಪಾಡು 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿಯೂ 2024ರ ಲೋಕಸಭಾ ಚುನಾವಣೆಯಲ್ಲಿಯೂ ನಡೆಯಿತು.

ಆದರೆ ಇವೆಲ್ಲವೂ ಪಟ್ಟಿಯಲ್ಲಿ ಹೆಸರಿದ್ದವರಿಗೆ ತಾನೆ? ಹೆಸರೇ ಇಲ್ಲದವನ ಬಾಗಿಲಿಗೆ ಮತ ಯಾಚಿಸುವವನು ಬರುವುದಿಲ್ಲ. ಅವನ ಕಷ್ಟ ಯಾರ ಕಿವಿಗೂ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ಮಾತೊಂದುಂಟು. ಅಂಗವಿಕಲನನ್ನು ಸಮಾಜವು ಸದಾ ಪಡೆಯುವವನೆಂದೇ ಕಂಡಿದೆ: ಪಿಂಚಣಿ ಪಡೆಯುವವನು, ನೆರವು ಪಡೆಯುವವನು. ಮತಗಟ್ಟೆಯಲ್ಲಿ ಅವನು ಕೊಡುವವನು. ಅಲ್ಲಿ ಅವನ ಒಂದು ಮತದ ತೂಕ ಮಂತ್ರಿಯ ಮತದ ತೂಕಕ್ಕೆ ಸಮಾನ. ಕೊಡುವ ಈ ಘನತೆಯನ್ನು ಕಸಿದು, ಮೇಲೆ ಎಷ್ಟು ಅನ್ನ ನೀಡಿದರೇನು?

ಆದುದರಿಂದ ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂತಹವರಿದ್ದರೆ ವಿಚಾರಿಸಿರಿ. ಹೊಸದಾಗಿ ಹೆಸರು ಸೇರಿಸಲು ನಮೂನೆ 6; ಈಗಾಗಲೇ ಹೆಸರಿದ್ದರೆ ವೈಕಲ್ಯವನ್ನು ಗುರುತಿಸಲು ನಮೂನೆ 8. ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಕಾಣಿರಿ, ಇಲ್ಲವೆ 1950ಕ್ಕೆ ದೂರವಾಣಿ ಮಾಡಿರಿ. ನೀವೇ ಅಂಗವಿಕಲರಾಗಿದ್ದರೆ ಯಾರ ಅನುಮತಿಗೂ ಕಾಯಬೇಡಿರಿ.

ಕೊನೆಗೊಂದು ಎಚ್ಚರಿಕೆ. ಹೆಸರು ಸೇರಿಸಿದವರು ಮತವನ್ನೂ ತಾವೇ ನಿರ್ಧರಿಸಹೊರಟರೆ ಹಳೆಯ ಅನ್ಯಾಯವೇ ಹೊಸ ಬಾಗಿಲಿನಿಂದ ಒಳಬರುವುದು. ಸಹಾಯಕನು ಕೊಡಬೇಕಾದುದು ಕೈಯನ್ನು. ಮನಸ್ಸು ಅವರದೇ ಆಗಿರಬೇಕು.