ಆಪ್ತವಾಕ್ಯವೂ ಆಕರಸೂಚಿಯೂ

ಮನುಷ್ಯನ ಅರಿವಿನಲ್ಲಿ ಅವನೇ ಕಂಡು ತಿಳಿದದ್ದು ಕಡಿಮೆ, ಕೇಳಿ ಮತ್ತು ಓದಿ ತಿಳಿದದ್ದೇ ಹೆಚ್ಚು; ಹೀಗೆ ಪರರ ಮಾತಿನಿಂದ ಬಂದ ಅರಿವನ್ನು ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕೇಳಿದವನಿಗೆ ಯಾವಾಗ ಬರುತ್ತದೆ, ಹೇಳಿದವನಿಗೆ ಅವನು ಸಲ್ಲಿಸಬೇಕಾದದ್ದೇನು ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಶತಮಾನಗಳ ಕಾಲ ಚರ್ಚಿಸಿವೆ. ಅದೇ ಪ್ರಶ್ನೆ ಇಂದು ತೀರ ಬೇರೆಯದೊಂದು ಎಡೆಯಲ್ಲಿ, ಎಂಜಿನಿಯರಿಂಗ್ ಓದಲು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋಗುವ ವಿದ್ಯಾರ್ಥಿಗಳ ಮುಂದೆ, ಅಕಡೆಮಿಕ್ ಇಂಗ್ಲಿಷ್ ಮತ್ತು ಅಧ್ಯಯನ ಕೌಶಲ ಎಂಬ ಹೆಸರಿನ ಪಾಠವಾಗಿ ಬಂದು ನಿಂತಿದೆ. ಪ್ರಯೋಗದ ವರದಿ ಬರೆಯುವುದು, ಹಿಂದಿನ ಸಂಶೋಧನೆಗಳನ್ನು ಸಮೀಕ್ಷಿಸುವುದು, ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳುವುದು, ಆಕರವನ್ನು ಸೂಚಿಸುವುದು ಇವೆಲ್ಲ ಆ ಪಾಠದಲ್ಲಿ ಸೇರುತ್ತವೆ. ಇವನ್ನು ಭಾಷೆಯ ನಿಯಮಗಳೆಂದು ಕಲಿಸುವುದೇ ವಾಡಿಕೆ. ಆದರೆ ಇವುಗಳ ಬೇರು ವ್ಯಾಕರಣದಲ್ಲಿಲ್ಲ, ಪ್ರಮಾಣಶಾಸ್ತ್ರದಲ್ಲಿದೆ, ಎಂದರೆ ಯಾವ ಅರಿವು ಯಾವ ಸಾಧನದಿಂದ ಬಂತು ಮತ್ತು ಅದನ್ನು ಏಕೆ ನಂಬಬೇಕು ಎಂಬ ವಿಚಾರದಲ್ಲಿದೆ.

ಹೊರದೇಶಕ್ಕೆ ಹೋಗುವ ಮುನ್ನ ಈ ವಿದ್ಯಾರ್ಥಿಗಳು ದಾಟಬೇಕಾದ ಭಾಷಾಪರೀಕ್ಷೆಗಳು ಈ ವಿಚಾರವನ್ನು ಮುಟ್ಟುವುದೇ ಇಲ್ಲ. 1964ರಲ್ಲಿ ಆರಂಭವಾದ ಟೋಫೆಲ್ ಮತ್ತು 1989ರಲ್ಲಿ ಬಂದ ಐಇಎಲ್‌ಟಿಎಸ್ ಎರಡೂ ಭಾಷೆಯ ಬಳಕೆಯನ್ನು ಅಳೆಯುತ್ತವೆ. ಐಇಎಲ್‌ಟಿಎಸ್‌ನ ಬರವಣಿಗೆಯ ಭಾಗದಲ್ಲಿ ಅಭ್ಯರ್ಥಿಯು ಒಂದು ಗಂಟೆಯೊಳಗೆ ಒಂದು ನಕ್ಷೆಯನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಿ, ಕೊಟ್ಟ ವಿಷಯದ ಮೇಲೆ ಕನಿಷ್ಠ 250 ಪದಗಳ ಪ್ರಬಂಧ ಬರೆಯಬೇಕು. ಅಲ್ಲಿ ಯಾವ ಮಾತಿಗೂ ಆಕರ ಕೊಡುವ ಅಗತ್ಯವಿಲ್ಲ. ಹೀಗಾಗಿ ಒಳ್ಳೆಯ ಬ್ಯಾಂಡ್ ಪಡೆದ ವಿದ್ಯಾರ್ಥಿಯೂ ಮೊದಲ ಅಸೈನ್‌ಮೆಂಟ್ ಬರೆಯುವಾಗ ಎಡವುತ್ತಾನೆ. ಅವನು ಬಿಟ್ಟುಬಂದ ಪದ್ಧತಿಯೂ ಅವನಿಗೆ ನೆರವಾಗುವುದಿಲ್ಲ. ಕರ್ನಾಟಕದ ಬಹುಪಾಲು ಎಂಜಿನಿಯರಿಂಗ್ ಪರೀಕ್ಷೆಗಳಲ್ಲಿ ಪಠ್ಯಪುಸ್ತಕದ ವ್ಯಾಖ್ಯೆಯನ್ನು ಅಕ್ಷರ ತಪ್ಪದೆ ಒಪ್ಪಿಸಿದ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ. ಲ್ಯಾಬ್ ರೆಕಾರ್ಡಿನ ಸಿದ್ಧಾಂತ ಭಾಗ ಮ್ಯಾನ್ಯುಯಲ್‌ನಿಂದಲೋ ಸೀನಿಯರ್‌ಗಳ ರೆಕಾರ್ಡಿನಿಂದಲೋ ಇಳಿದು ಬರುತ್ತದೆ. ಅಲ್ಲಿ ಅದನ್ನು ಯಾರೂ ಕಳವೆನ್ನುವುದಿಲ್ಲ, ಏಕೆಂದರೆ ಮಾತಿನ ಮೂಲ ಯಾವುದೆಂದು ಬರೆದವನಿಗೂ ತಿದ್ದುವವನಿಗೂ ಗೊತ್ತಿದೆ. ಅದೇ ಕೆಲಸ ಹೊರದೇಶದಲ್ಲಿ ಕೃತಿಚೌರ್ಯವೆನಿಸಿಕೊಂಡು ವಿಚಾರಣೆಗೆ ಒಳಗಾದಾಗ ವಿದ್ಯಾರ್ಥಿಗೆ ಶಿಕ್ಷೆ ಅರ್ಥವಾಗುತ್ತದೆ, ತಪ್ಪು ಅರ್ಥವಾಗುವುದಿಲ್ಲ.

ತಪ್ಪೇನೆಂಬುದನ್ನು ತಿಳಿಯಲು ನ್ಯಾಯದರ್ಶನ ಒಳ್ಳೆಯ ದಾರಿ ತೋರಿಸುತ್ತದೆ. ಗೌತಮನ ನ್ಯಾಯಸೂತ್ರಗಳು ಅರಿವಿನ ಸಾಧನಗಳನ್ನು ನಾಲ್ಕಾಗಿ ಎಣಿಸುತ್ತವೆ: ಇಂದ್ರಿಯಗಳಿಂದ ನೇರವಾಗಿ ಕಾಣುವ ಪ್ರತ್ಯಕ್ಷ, ಕಂಡದ್ದರಿಂದ ಕಾಣದ್ದನ್ನು ತರ್ಕಿಸುವ ಅನುಮಾನ, ಹೋಲಿಕೆಯಿಂದ ತಿಳಿಯುವ ಉಪಮಾನ ಮತ್ತು ನಂಬಲರ್ಹನ ಮಾತಿನಿಂದ ತಿಳಿಯುವ ಶಬ್ದ. ಈ ನಂಬಲರ್ಹನನ್ನು ಆಪ್ತ ಎನ್ನುತ್ತಾರೆ. ವಿಷಯವನ್ನು ಸ್ವತಃ ಅರಿತವನೂ ಅರಿತದ್ದನ್ನು ಅರಿತಂತೆಯೇ ತಿಳಿಸಲು ಬಯಸುವವನೂ ಆಪ್ತನಾಗುತ್ತಾನೆ. ಭಾಷ್ಯಕಾರ ವಾತ್ಸ್ಯಾಯನ ಇಲ್ಲಿ ಸೇರಿಸುವ ಮಾತು ಈ ಸಂದರ್ಭಕ್ಕೆ ಬಹಳ ಬೆಲೆಯುಳ್ಳದ್ದು: ಆಪ್ತನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಮಾತಿನ ಪ್ರಾಮಾಣ್ಯವು ಹೇಳುವವನ ಕುಲದಿಂದಾಗಲಿ ನುಡಿಯಿಂದಾಗಲಿ ಬರುವುದಿಲ್ಲವೆಂಬ ಈ ನಿಲುವು, ಇಂಗ್ಲಿಷಿನ ಮುಂದೆ ಅಳುಕುವ ವಿದ್ಯಾರ್ಥಿಗೂ, ಆ ಅಳುಕನ್ನು ದಡ್ಡತನವೆಂದು ಎಣಿಸುವ ಅಧ್ಯಾಪಕನಿಗೂ ಸಮಾನವಾಗಿ ಅನ್ವಯಿಸುತ್ತದೆ.

ಶಬ್ದಕ್ಕೆ ಸ್ವತಂತ್ರ ಸ್ಥಾನ ಕೊಡುವುದನ್ನು ಎಲ್ಲರೂ ಒಪ್ಪಲಿಲ್ಲ. ವೈಶೇಷಿಕರು ಅದನ್ನು ಅನುಮಾನದೊಳಗೆ ಸೇರಿಸಿದರು. ದಿಙ್ನಾಗ, ಧರ್ಮಕೀರ್ತಿಯರಂಥ ಬೌದ್ಧ ತಾರ್ಕಿಕರು ಪ್ರತ್ಯಕ್ಷ ಮತ್ತು ಅನುಮಾನಗಳನ್ನು ಮಾತ್ರ ಉಳಿಸಿಕೊಂಡರು. ಆದರೆ ಉಡುಪಿಯ ಮಧ್ವಾಚಾರ್ಯರ ದ್ವೈತದರ್ಶನ ಉಪಮಾನವನ್ನು ಕೈಬಿಟ್ಟರೂ ಶಬ್ದವನ್ನು ಆಗಮವೆಂಬ ಹೆಸರಿನಲ್ಲಿ ಉಳಿಸಿಕೊಂಡು ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರನ್ನು ಒಪ್ಪಿತು. ಯೂರೋಪಿನಲ್ಲೂ ಇದೇ ಭಿನ್ನಮತವಿತ್ತು. 1660ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ರಾಯಲ್ ಸೊಸೈಟಿ ಯಾರ ಮಾತನ್ನೂ ಕಣ್ಣುಮುಚ್ಚಿ ಒಪ್ಪಬಾರದೆಂಬ ಆಶಯದ ಧ್ಯೇಯವಾಕ್ಯವನ್ನು ತಳೆಯಿತು. 18ನೆಯ ಶತಮಾನದ ಡೇವಿಡ್ ಹ್ಯೂಮ್, ವೈಶೇಷಿಕರಿಗೆ ಹತ್ತಿರವಾದ ರೀತಿಯಲ್ಲಿ, ಪರರ ಮಾತಿನ ಮೇಲಿನ ನಂಬಿಕೆಯನ್ನು ಹಿಂದಿನ ಅನುಭವದ ಮೇಲಿನ ಅನುಮಾನವೆಂದು ವಿವರಿಸಿದನು. ಆದರೆ ವಿಜ್ಞಾನ ಬೆಳೆದಂತೆಲ್ಲ ಪರರ ಮಾತಿನ ಮೇಲಿನ ಅವಲಂಬನೆ ಹೆಚ್ಚಿತೇ ಹೊರತು ತಗ್ಗಲಿಲ್ಲ. ಯಾವ ಎಂಜಿನಿಯರನೂ ತಾನು ಬಳಸುವ ಎಲ್ಲ ಸ್ಥಿರಾಂಕಗಳನ್ನು ತಾನೇ ಅಳೆದು ನೋಡಲಾರ. ಆದ್ದರಿಂದ ಶಬ್ದವನ್ನು ತೊರೆಯುವುದು ಆಗದ ಮಾತು. ಅದನ್ನು ಶಬ್ದವೆಂದು ಗುರುತಿಸಿ ಹೇಳುವುದಷ್ಟೇ ಆಗುವಂಥದ್ದು, ಮತ್ತು ಆಕರಸೂಚಿ ಮಾಡುವ ಕೆಲಸ ಅದೇ.

ಮೃದು ಉಕ್ಕಿನ ಸರಳೊಂದನ್ನು ಯಂತ್ರದಲ್ಲಿ ಸಿಕ್ಕಿಸಿ ಎಳೆಯುವ ಟೆನ್ಸೈಲ್ ಪರೀಕ್ಷೆಯ ವರದಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸರಳಿನ ವ್ಯಾಸ 10 ಮಿಲಿಮೀಟರ್, ಭಾರ ಸುಮಾರು 20 ಕಿಲೋನ್ಯೂಟನ್ ಮುಟ್ಟಿದಾಗ ಭಾರ ಏರದೆಯೇ ಸರಳು ಉದ್ದವಾಗತೊಡಗಿತು ಎಂದು ವಿದ್ಯಾರ್ಥಿ ಬರೆದರೆ ಅದು ಪ್ರತ್ಯಕ್ಷ. ಆ ಭಾರವನ್ನು 78.5 ಚದರ ಮಿಲಿಮೀಟರಿನ ಅಡ್ಡಕೊಯ್ತದ ಕ್ಷೇತ್ರಫಲದಿಂದ ಭಾಗಿಸಿ ಉಕ್ಕಿನ ಯೀಲ್ಡ್ ಸ್ಟ್ರೆಂತ್, ಅಂದರೆ ಅದು ಶಾಶ್ವತವಾಗಿ ಹಿಗ್ಗಲು ಆರಂಭಿಸುವ ಹಂತದ ಪೀಡನ, ಸುಮಾರು 255 ಮೆಗಾಪಾಸ್ಕಲ್ ಎಂದು ಕಂಡುಕೊಂಡರೆ ಅದು ಅನುಮಾನ. ಇಂಥ ಉಕ್ಕಿಗೆ ಸಾಮಾನ್ಯವಾಗಿ 250 ಮೆಗಾಪಾಸ್ಕಲ್ ಎಂದು ಹ್ಯಾಂಡ್‌ಬುಕ್ ನೋಡಿ ಬರೆದರೆ ಅದು ಶಬ್ದ. ಇಂಗ್ಲಿಷ್ ವರದಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಗುರುತುಗಳಿವೆ: ಅಳೆದದ್ದಕ್ಕೆ ಭೂತಕಾಲ, ಗಣಿಸಿದ್ದಕ್ಕೆ ಸಮೀಕರಣದ ಸಂಖ್ಯೆ, ಪಡೆದದ್ದಕ್ಕೆ ಚೌಕ ಆವರಣದೊಳಗಿನ ಆಕರದ ಸಂಖ್ಯೆ. ಮೂರನ್ನೂ ಒಂದೇ ಧಾಟಿಯಲ್ಲಿ ಬರೆದುಹಾಕಿದ ವರದಿಯಲ್ಲಿ ಇಂಗ್ಲಿಷ್ ಎಷ್ಟೇ ಸೊಗಸಾಗಿದ್ದರೂ, ವಿದ್ಯಾರ್ಥಿ ನಿಜವಾಗಿ ಏನು ಕಂಡನೆಂಬುದು ಓದುವವನಿಗೆ ತಿಳಿಯುವುದಿಲ್ಲ. ಹುಕ್‌ನ ನಿಯಮದಂಥ ಸರ್ವವಿದಿತ ವಿಷಯಕ್ಕೆ ಆಕರ ಬೇಕಿಲ್ಲ, ಹ್ಯಾಂಡ್‌ಬುಕ್ಕಿನ ಅಂಕಿಗೆ ಬೇಕು ಎಂಬ ಭೇದವೂ, ಬಾಯಿಪಾಠ ಮಾಡಬೇಕಾದ ನಿಯಮವೆಂಬಂತೆ ತೋರುವುದು ತಪ್ಪಿ, ಇಲ್ಲಿ ತಾನಾಗಿ ಹೊಳೆಯುತ್ತದೆ.

ಎಂಜಿನಿಯರಿಂಗ್‌ನಲ್ಲಿ ಇದು ಕೇವಲ ಸೌಜನ್ಯದ ವಿಷಯವಲ್ಲ. ಕೆನಡಾದ ಸೇಂಟ್ ಲಾರೆನ್ಸ್ ನದಿಯ ಮೇಲೆ ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆಯ ಮುಖ್ಯ ಹರವನ್ನು 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಿದಾಗ, ಸೇತುವೆಯ ಸ್ವಂತ ತೂಕವನ್ನು ಸರಿಯಾಗಿ ಮರುಲೆಕ್ಕ ಮಾಡದೆ ಹಿಂದಿನ ಅಂದಾಜಿನ ಮೇಲೆಯೇ ಮುಂದಿನ ಲೆಕ್ಕಗಳನ್ನು ನಿಲ್ಲಿಸಲಾಯಿತು. ನಿಜವಾದ ತೂಕ ಹೆಚ್ಚೆಂದು ತಿಳಿಯುವ ಹೊತ್ತಿಗೆ ಕೆಲಸ ಬಹಳ ಮುಂದೆ ಹೋಗಿತ್ತು. 1907ರ ಆಗಸ್ಟ್ 29ರಂದು, ಕೆಳಭಾಗದ ಒತ್ತಡದ ಅಂಗಗಳು ಬಾಗಿ, ಸೇತುವೆ ಕುಸಿದು 75 ಕೆಲಸಗಾರರು ಸತ್ತರು. ಆ ಅಂಗಗಳ ವಿನ್ಯಾಸದಲ್ಲಿಯೂ ದೋಷವಿತ್ತೆಂಬುದು ನಿಜ. ಆದರೂ ಒಂದು ಅಂಕಿ ಯಾವ ಸ್ಥಿತಿಗೆಂದು ಹುಟ್ಟಿತೋ ಆ ಸ್ಥಿತಿ ಬದಲಾದ ಮೇಲೂ ಅದನ್ನು ಪ್ರಶ್ನಿಸದೆ ಹೊತ್ತು ಸಾಗಿದ್ದು ಆ ದುರಂತದ ಕಾರಣಗಳಲ್ಲೊಂದು. ಪ್ರತಿ ಅಂಕಿಯ ಪಕ್ಕದಲ್ಲೂ ಅದರ ಮೂಲವನ್ನು ಬರೆಯುವ ಶಿಸ್ತು ಮುಂದಿನ ಓದುಗನಿಗೆ ಹಿಂದಿರುಗಿ ಪರೀಕ್ಷಿಸುವ ದಾರಿಯನ್ನು ತೆರೆದಿಡುತ್ತದೆ.

ಪರರ ಮಾತನ್ನು ಬಳಸಿಕೊಳ್ಳುವುದರಲ್ಲಿ ಯಾವುದು ಋಣ, ಯಾವುದು ಕಳವು ಎಂಬ ವಿವೇಚನೆ ಪಶ್ಚಿಮದಿಂದ ಬಂದದ್ದೆಂದು ಹಲವರು ಭಾವಿಸುತ್ತಾರೆ. ಗುರುವಿನ ಮಾತನ್ನು ಹಾಗೆಯೇ ಒಪ್ಪಿಸುವುದು ಪೂರ್ವದ ಸಂಸ್ಕೃತಿಯೆಂದು ಏಷ್ಯಾದ ವಿದ್ಯಾರ್ಥಿಗಳ ಪರವಾಗಿ ವಾದಿಸುವವರೂ ಉಂಟು. ಈ ಎರಡು ಮಾತೂ ನಿಲ್ಲುವುದಿಲ್ಲ. 9ನೆಯ ಶತಮಾನದ ಆನಂದವರ್ಧನ ಧ್ವನ್ಯಾಲೋಕದ ಕೊನೆಯ ಭಾಗದಲ್ಲಿ ಇಬ್ಬರು ಕವಿಗಳ ನಡುವಿನ ಹೋಲಿಕೆಯನ್ನು ಪ್ರತಿಬಿಂಬದಂಥದು, ಚಿತ್ರದಂಥದು, ಒಬ್ಬನನ್ನು ಹೋಲುವ ಇನ್ನೊಬ್ಬ ಮನುಷ್ಯನ ದೇಹದಂಥದು ಎಂದು ಮೂರಾಗಿ ವಿಂಗಡಿಸಿ, ಮೊದಲಿನ ಎರಡನ್ನು ಬಿಡಬೇಕೆಂದೂ, ತನ್ನದೇ ಜೀವವಿರುವ ಮೂರನೆಯದನ್ನು ಬಿಡಬೇಕಿಲ್ಲವೆಂದೂ ಹೇಳುತ್ತಾನೆ. ಅನಂತರ ಬಂದ ರಾಜಶೇಖರ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣವನ್ನು, ಎಂದರೆ ಮಾತಿನ ಅಪಹರಣವನ್ನು, ಒಂದು ಪದದಿಂದ ಇಡೀ ಪ್ರಬಂಧದವರೆಗೆ ಐದು ಬಗೆಯಾಗಿ ಗುರುತಿಸುತ್ತಾನೆ. ಕನ್ನಡದ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶವನ್ನು ಬಹಳವಾಗಿ ಅನುಸರಿಸಿದ್ದರೂ, ಕನ್ನಡ ನುಡಿಯ ಗುಣದೋಷಗಳನ್ನು ಕನ್ನಡದ್ದೇ ಉದಾಹರಣೆಗಳಿಂದ ವಿವೇಚಿಸುವ ಕಾರಣದಿಂದ ಸ್ವಂತ ಬಾಳುಳ್ಳ ಗ್ರಂಥವಾಗಿ ನಿಂತಿದೆ. ಓದಿದ ಪ್ರಬಂಧದ ವಾಕ್ಯದಲ್ಲಿ ಅಲ್ಲೊಂದು ಇಲ್ಲೊಂದು ಪದ ಬದಲಿಸಿ ತನ್ನದೆಂದು ಕೊಡುವ ವಿದ್ಯಾರ್ಥಿಯ ಬರಹ ಆನಂದವರ್ಧನನ ಲೆಕ್ಕದಲ್ಲಿ ಪ್ರತಿಬಿಂಬಕ್ಕಿಂತ ಮೇಲೇರುವುದಿಲ್ಲ.

ಆದರೂ ಇಂಥ ಬರಹವನ್ನು ನೇರವಾಗಿ ಅಪ್ರಾಮಾಣಿಕತೆಯೆಂದು ಕರೆಯುವುದು ನ್ಯಾಯವಲ್ಲ. ಅಮೆರಿಕದ ವಿದ್ವಾಂಸೆ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ಇದಕ್ಕೆ ಪ್ಯಾಚ್‌ರೈಟಿಂಗ್ ಎಂಬ ಹೆಸರಿಟ್ಟು, ತನಗೆ ಹೊಸದಾದ ಶಾಸ್ತ್ರದ ನುಡಿಯನ್ನು ಕಲಿಯುತ್ತಿರುವವನು ಹಾಯುವ ಹಂತವೆಂದು ಇದನ್ನು ವಿವರಿಸಿದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಪಠ್ಯದ ವಾಕ್ಯಗಳ ಮೂಲಕವೇ ಕಲಿತವನಿಗೆ ಆ ವಾಕ್ಯಗಳನ್ನು ಬಿಟ್ಟರೆ ಹಿಡಿಯಲು ಬೇರೆ ಆಧಾರವಿರುವುದಿಲ್ಲ. ಟರ್ನಿಟಿನ್‌ನಂಥ ತಂತ್ರಾಂಶ ತೋರಿಸುವ ಶೇಕಡಾವಾರು ಪದಗಳ ಹೊಂದಿಕೆಯನ್ನು ಮಾತ್ರ ಅಳೆಯುತ್ತದೆ. ವಂಚಿಸುವ ಇಚ್ಛೆಯನ್ನೂ ಕಲಿಯುವ ತೊಡಕನ್ನೂ ಬೇರ್ಪಡಿಸುವ ಶಕ್ತಿ ಅದಕ್ಕಿಲ್ಲ, ಆ ವಿವೇಕ ಅಧ್ಯಾಪಕನದೇ ಆಗಬೇಕು.

ಈ ಹಂತವನ್ನು ದಾಟುವ ಬಗೆಗೆ ಶಾಸ್ತ್ರಪರಂಪರೆಯ ಪೂರ್ವಪಕ್ಷಕ್ಕಿಂತ ಒಳ್ಳೆಯ ಮಾದರಿ ದೊರೆಯುವುದು ಕಷ್ಟ. ಎದುರಾಳಿಯ ವಾದವನ್ನು ಅವನೇ ಒಪ್ಪುವಷ್ಟು ನಿಷ್ಠೆಯಿಂದ ಮೊದಲು ನಿರೂಪಿಸಿ, ಆಮೇಲೆ ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಕ್ರಮ ಅದು. ವಿಜಯನಗರದಲ್ಲಿ ಬಾಳಿದ ದ್ವೈತಪಂಥದ ವ್ಯಾಸತೀರ್ಥರು (1460–1539) ನ್ಯಾಯಾಮೃತದಲ್ಲಿ ಅದ್ವೈತದ ಹಲವು ಗ್ರಂಥಕಾರರ ವಾದಗಳನ್ನು ಒಟ್ಟುಗೂಡಿಸಿ, ವಿಂಗಡಿಸಿ, ಒಂದೊಂದನ್ನೂ ಪರಿಶೀಲಿಸಿದರು. ಅದಕ್ಕೆ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಅಂಶಅಂಶವಾಗಿ ಉತ್ತರ ಬರೆದರು, ಆ ಉತ್ತರಕ್ಕೆ ರಾಮಾಚಾರ್ಯರ ತರಂಗಿಣಿ ಮರು ಉತ್ತರವಾಯಿತು. ಎದುರಾಳಿಯ ಗ್ರಂಥವನ್ನು ಪೂರ್ತಿ ಅರಗಿಸಿಕೊಳ್ಳದವನಿಗೆ ಇಂಥ ಚರ್ಚೆಯಲ್ಲಿ ಪ್ರವೇಶವೇ ಇರಲಿಲ್ಲ. ಸಂಶೋಧನ ಪ್ರಬಂಧದ ಆರಂಭದಲ್ಲಿ ಹಿಂದಿನ ಕೃತಿಗಳ ಸಮೀಕ್ಷೆಯನ್ನು ಕೇಳುವುದು ಇದೇ ಉದ್ದೇಶದಿಂದ. ಹೆಸರುಗಳನ್ನೂ ಇಸವಿಗಳನ್ನೂ ಸಾಲಾಗಿ ಪೋಣಿಸಿದ ಮಾತ್ರಕ್ಕೆ ಅದು ಸಮೀಕ್ಷೆಯಾಗುವುದಿಲ್ಲ.

ಇನ್ನೊಂದು ಅಂಶವನ್ನೂ ಇಲ್ಲಿ ಹೇಳಬೇಕು. ಇಂಗ್ಲಿಷ್ ಶಾಸ್ತ್ರಬರಹ ಫಲಿತಾಂಶವನ್ನು ಹೇಳುವಾಗ ಮಿತಿ ಹಾಕಿ ಹೇಳುತ್ತದೆ. ಈ ಉಷ್ಣತೆಯಲ್ಲಿ, ಈ ಮಾದರಿಗಳಲ್ಲಿ, ಹೀಗಿರುವಂತೆ ತೋರುತ್ತದೆ ಎನ್ನುತ್ತದೆ. ವಿದ್ಯಾರ್ಥಿಗಳು ಇದನ್ನು ಅಳುಕೆಂದು ಬಗೆದು, ಗಟ್ಟಿಯಾಗಿ ಹೇಳುವುದೇ ಜಾಣತನವೆಂದುಕೊಳ್ಳುತ್ತಾರೆ. ಜೈನರ ಸ್ಯಾದ್ವಾದ, ಎಂದರೆ ಪ್ರತಿ ಹೇಳಿಕೆಯೂ ಒಂದು ದೃಷ್ಟಿಯಿಂದ ಮಾತ್ರ ಸತ್ಯವೆಂದು ಅದರೊಂದಿಗೇ ಸೂಚಿಸುವ ಸಿದ್ಧಾಂತ, ಸಂದೇಹವಾದವಲ್ಲವೆಂದು ಆ ದಾರ್ಶನಿಕರು ಮತ್ತೆ ಮತ್ತೆ ವಾದಿಸಿದ್ದಾರೆ. ಯಾವ ನಿಲುವಿನಿಂದ ನೋಡಿದರೆ ಹೇಳಿಕೆ ನಿಶ್ಚಿತವೋ ಆ ನಿಲುವನ್ನು ಹೇಳುವುದೇ ಅದರ ನಿಖರತೆ. ಅದೇ ಪರಂಪರೆಯ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ, ತಾವು ಪೂಜಿಸುವ ಜಿನನನ್ನೇ ಪರೀಕ್ಷೆಗೆ ಒಡ್ಡಿ, ಅವನ ವೈಭವವು ಅವನನ್ನು ಆಪ್ತನನ್ನಾಗಿ ಮಾಡುವುದಿಲ್ಲ, ಅವನ ಮಾತು ಯುಕ್ತಿಗೆ ವಿರೋಧವಾಗದಿರುವುದೇ ಅದಕ್ಕೆ ಕಾರಣ ಎಂದು ನಿರ್ಣಯಿಸಿದರು. ಪ್ರಸಿದ್ಧ ಪತ್ರಿಕೆಯಲ್ಲಿ ಅಚ್ಚಾದ ಪ್ರಬಂಧವನ್ನು ಓದುವ ವಿದ್ಯಾರ್ಥಿಗೂ ಇಷ್ಟೇ ಧೈರ್ಯ ಬೇಕು.

ಈ ಶಿಕ್ಷಣಕ್ಕೆ ಹೊರದೇಶದ ವಿಶ್ವವಿದ್ಯಾಲಯವನ್ನು ಕಾಯಬೇಕಾದ ಕಾರಣವಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಮೊದಲ ವರ್ಷದ ಲ್ಯಾಬ್ ರೆಕಾರ್ಡಿನ ಕೋಷ್ಟಕದಲ್ಲಿ ಒಂದು ಕಾಲಂ ಹೆಚ್ಚು ಎಳೆಸಿ, ಪ್ರತಿ ಅಂಕಿಯ ಎದುರಿಗೆ ಅದು ಅಳೆದದ್ದೋ, ಗಣಿಸಿದ್ದೋ, ಯಾವ ಪುಸ್ತಕದ ಯಾವ ಪುಟದಿಂದ ಪಡೆದದ್ದೋ ಎಂಬುದನ್ನು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಸಬೇಕು. ವೈವಾದಲ್ಲಿ ವ್ಯಾಖ್ಯೆಯನ್ನು ಒಪ್ಪಿಸಲು ಹೇಳುವ ಬದಲು ಆ ಕಾಲಂ ಕುರಿತು ಪ್ರಶ್ನೆ ಕೇಳಬೇಕು.