ಚಹಾಕೂಟದ ಕಾಣಿಕೆ ದಾನವೆನಿಸೀತೇ?

ಸತ್ಕಾರ್ಯವೊಂದರ ಸಹಾಯಾರ್ಥವಾಗಿ ಪರಿಚಿತರನ್ನು ಮನೆಗೆ ಆಮಂತ್ರಿಸಿ, ಚಹ-ಉಪಾಹಾರಗಳನ್ನಿತ್ತು, ಅವರಿಂದ ಯಥಾಶಕ್ತಿ ದ್ರವ್ಯವನ್ನು ಸಂಗ್ರಹಿಸುವ ಕ್ರಮವು ಮಹಾನಗರಗಳಲ್ಲಿರುವ ನಮಗೆ ಅಪರಿಚಿತವಲ್ಲ. ಬ್ರಿಟನ್ನಿನಲ್ಲಿ ಕ್ಯಾನ್ಸರ್ ಪೀಡಿತರ ನೆರವಿಗಾಗಿ ಮ್ಯಾಕ್‌ಮಿಲನ್ ಸಂಸ್ಥೆಯ ಕಾಫಿಕೂಟವು 1990ರಲ್ಲಿ ಸಣ್ಣ ಪ್ರಮಾಣದಲ್ಲಿ ಆರಂಭವಾಯಿತು. ಅತಿಥಿಗಳು ತಾವು ಕುಡಿದ ಕಾಫಿಯ ಬೆಲೆಯನ್ನು ಸಂಸ್ಥೆಗೆ ಕೊಡಬೇಕೆಂಬುದಷ್ಟೇ ಅದರ ಮೂಲ ಕಲ್ಪನೆ. ಮರುವರ್ಷವೇ ಅದು ದೇಶವ್ಯಾಪಿಯಾಯಿತು.

ನಮ್ಮಲ್ಲಿಯೂ ಇಂತಹ ಅಗತ್ಯಕ್ಕೆ ಕೊರತೆಯಿಲ್ಲ. ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಸ್ಥಾಪಿತವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಎಲ್ಲ ಕಡೆಗಳಿಂದ ರೋಗಿಗಳು ಬರುತ್ತಾರೆ. ಚಿಕಿತ್ಸೆಯು ತಿಂಗಳುಗಟ್ಟಲೆ ನಡೆಯುವುದುಂಟು. ತಂಗಲು ಸ್ಥಳವಿಲ್ಲದೆ ಆಸ್ಪತ್ರೆಯ ಸುತ್ತಲಿನ ಕಾಲುದಾರಿಗಳಲ್ಲಿ ದಿನ ಕಳೆಯುವ ಕುಟುಂಬಗಳನ್ನು ಮುಂಬಯಿವಾಸಿಗಳು ಕಂಡೇ ಇದ್ದಾರೆ. ಇಂಥವರಿಗಾಗಿ ಒಂದು ಚಹಾಕೂಟವನ್ನು ಏರ್ಪಡಿಸೋಣವೆಂದು ಗೃಹಿಣಿಯೊಬ್ಬಳು ಹೊರಟಳೆನ್ನೋಣ. ಮನೆಯ ಹಿರಿಯರು, “ತಿಂಡಿ ಕೊಟ್ಟು ಹಣ ಪಡೆಯುವುದು ದಾನವೋ, ವ್ಯಾಪಾರವೋ?” ಎಂದು ಕೇಳಿಯಾರು. ಈ ಪ್ರಶ್ನೆ ಉಪೇಕ್ಷಣೀಯವಲ್ಲ.

ದಾನವೆಂದರೆ ತನ್ನ ಸ್ವತ್ವವನ್ನು ಬಿಟ್ಟು ಪರರ ಸ್ವತ್ವವನ್ನು ಉಂಟುಮಾಡುವುದು. ಅಗಸನಿಗೆ ವಸ್ತ್ರವನ್ನು ಕೊಡುವಲ್ಲಿ ಚತುರ್ಥೀ ವಿಭಕ್ತಿ ಸಲ್ಲದೆಂದು ವೈಯಾಕರಣರು ವಿವರಿಸುವುದು ಪ್ರಸಿದ್ಧವಾಗಿದೆ. ಕೊಟ್ಟ ಬಟ್ಟೆ ಒಗೆದು ಹಿಂದಿರುಗುವುದರಿಂದ ಅದು ದಾನವಲ್ಲ, ಅಗಸನು ಸಂಪ್ರದಾನನೂ ಅಲ್ಲ. ಈ ಮಾತನ್ನು ನಮ್ಮ ಪ್ರಕೃತಕ್ಕೆ ಅನ್ವಯಿಸೋಣ. ರೈಲು ನಿಲ್ದಾಣದಲ್ಲಿ ಹಣ ತೆತ್ತು ಚಹ ಕುಡಿದವನು ದಾನಿಯಲ್ಲ. ಅಲ್ಲಿ ಚಹವೇ ಹಣದ ಪ್ರತಿಫಲ. ಕೂಟದಲ್ಲಿ ಒಂದು ಲೋಟ ಚಹ ಕುಡಿದು ಐನೂರು ರೂಪಾಯಿಗಳನ್ನು ಪೆಟ್ಟಿಗೆಯಲ್ಲಿ ಹಾಕಿದವನು ಚಹದ ಬೆಲೆಯನ್ನು ಕೊಡುತ್ತಿಲ್ಲ. ಚಹ ಆತಿಥೇಯರು ಮಾಡಿದ ಸತ್ಕಾರ. ಹಣ ರೋಗಿಗೆ ಸಲ್ಲುವ ದ್ರವ್ಯ. ಇವೆರಡೂ ಬೇರೆ ಬೇರೆಯಾಗಿ ಉಳಿಯುವವರೆಗೆ ವ್ಯಾಪಾರದೋಷವಿಲ್ಲ.

ಹಾಗಾದರೆ ಆಕ್ಷೇಪವೆಲ್ಲ ಪರಿಹಾರವಾಯಿತೇ? ಇಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕೊಡುವುದು ಕರ್ತವ್ಯವೆಂಬ ಬುದ್ಧಿಯಿಂದ, ಪ್ರತ್ಯುಪಕಾರ ಮಾಡಲಾರದವನಿಗೆ ಕೊಟ್ಟದ್ದು ಸಾತ್ತ್ವಿಕ. ಪ್ರತಿಫಲವನ್ನು ಬಯಸಿ ಕೊಟ್ಟದ್ದು ಮಾತ್ರವಲ್ಲ, ಮನಸ್ಸಿಗೆ ಕ್ಲೇಶಪಟ್ಟುಕೊಂಡು ಕೊಟ್ಟದ್ದೂ ರಾಜಸ. ಸ್ವೀಕರಿಸುವವನನ್ನು ಅನಾದರಿಸಿ ಕೊಟ್ಟದ್ದು ತಾಮಸ.

ಚಹಾಕೂಟದ ನಿಜವಾದ ಅಪಾಯ ಇರುವುದು ಈ ಕ್ಲೇಶದಲ್ಲಿ. ಮನೆಯೊಳಗೆ ಕುಳಿತು ಉಪ್ಪಿಟ್ಟು ತಿಂದ ಅತಿಥಿಗೆ ಬರಿಗೈಯಲ್ಲಿ ಏಳುವುದು ಕಷ್ಟ. ಪಕ್ಕದವರು ಸಾವಿರ ಬರೆಸಿದರೆ ತಾನು ಇನ್ನೂರು ಬರೆಸಲು ನಾಚಿಕೆ. ಮಕ್ಕಳ ಶಾಲಾ ಶುಲ್ಕಕ್ಕೆ ತೆಗೆದಿರಿಸಿದ್ದನ್ನು ದಾಕ್ಷಿಣ್ಯಕ್ಕಾಗಿ ಕೊಟ್ಟು ಮನೆಗೆ ಮರಳಿದವನು ಕೊಟ್ಟದ್ದನ್ನು ನೆನೆದು ನೊಂದರೆ, ಆ ರಾಜಸತೆಗೆ ಅವನೊಬ್ಬನೇ ಹೊಣೆಯಲ್ಲ. ಅದನ್ನು ಬರಮಾಡಿಕೊಂಡ ಆತಿಥೇಯರೂ ಭಾಗಿಗಳು.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ರೋಗಿಯ ಔಷಧಕ್ಕೆ ಸಾತ್ತ್ವಿಕ ರೂಪಾಯಿ, ರಾಜಸ ರೂಪಾಯಿ ಎಂಬ ಭೇದವಿಲ್ಲವಲ್ಲ? ನಿಜ, ಇಲ್ಲ. ನಮ್ಮದು ತಾರತಮ್ಯವನ್ನು ಒಪ್ಪುವ ಸಿದ್ಧಾಂತ. ಕೆಳಗಿನ ಮೆಟ್ಟಿಲನ್ನು ಶೂನ್ಯವೆಂದು ನಾವು ಹೇಳುವುದಿಲ್ಲ. ಆದುದರಿಂದ ಸಂಕೋಚದಿಂದ ಬಂದ ಹಣವನ್ನು ಹಿಂದಿರುಗಿಸಬೇಕಾಗಿಲ್ಲ. ಅದರಿಂದ ಒಬ್ಬನ ಸಂಕಟ ನೀಗುತ್ತದೆ. ಆದರೆ ರೋಗಿಗೆ ಉಪಕಾರವಾಯಿತೆಂಬ ಕಾರಣದಿಂದ ಅತಿಥಿಯನ್ನು ಹಿಂಡುವುದು ಧರ್ಮವಾಗದು. ಒಬ್ಬನ ಹಿತಕ್ಕಾಗಿ ಇನ್ನೊಬ್ಬನನ್ನು ಕೇವಲ ಹಣದ ಚೀಲವೆಂದು ಕಾಣುವುದು ಅವನಲ್ಲಿ ಅಂತರ್ಯಾಮಿಯಾಗಿರುವ ಹರಿಯನ್ನು ಮರೆತಂತೆ.

ಆದಕಾರಣ ಕೂಟವನ್ನು ಏರ್ಪಡಿಸುವವರು ಕೆಲವು ನಿಯಮಗಳನ್ನು ಪಾಲಿಸುವುದು ಯುಕ್ತ. ಚಹ-ತಿಂಡಿಯ ವೆಚ್ಚವನ್ನು ಆತಿಥೇಯರೇ ಭರಿಸಬೇಕು. ನಲವತ್ತು ಜನರಿಂದ 20,000 ರೂಪಾಯಿ ಕೂಡಿ, ಅದರಲ್ಲಿ 6,000 ಉಪಾಹಾರಕ್ಕೇ ಹೋದರೆ, ಅತಿಥಿಗಳು ತಿಂದದ್ದು ರೋಗಿಯ ಪಾಲನ್ನೇ. ತಟ್ಟೆಯನ್ನು ಸಾಲಾಗಿ ಹಿಡಿಯದೆ, ಬಾಯಿ ಮುಚ್ಚಿದ ಪೆಟ್ಟಿಗೆಯನ್ನು ದೇವರ ಕೋಣೆಯ ಬಳಿ ಇಡಬೇಕು. ಹೆಸರು-ಮೊತ್ತಗಳನ್ನು ಓದಬಾರದು, ಒಟ್ಟು ಲೆಕ್ಕವನ್ನು ಮಾತ್ರ ತಪ್ಪದೆ ಎಲ್ಲರಿಗೂ ತಿಳಿಸಬೇಕು. ಏನೂ ಹಾಕದವರಿಗೆ ಮುಂದಿನ ಹಬ್ಬದ ಅರಿಶಿನ-ಕುಂಕುಮದ ಆಮಂತ್ರಣ ತಪ್ಪಬಾರದು. ಏಕಾದಶಿಯಂದು ಕೂಟ ಬೇಡವೆಂದು ನಮ್ಮವರಿಗೆ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಮತ್ತೊಂದು. ಕರುಣೆ ಹುಟ್ಟಿಸಲೆಂದು ರೋಗಿಯನ್ನಾಗಲಿ ಅವನ ಮಡದಿ-ಮಕ್ಕಳನ್ನಾಗಲಿ ಕರೆತಂದು ಸಭೆಯ ಮುಂದೆ ನಿಲ್ಲಿಸಕೂಡದು. ಅದರಿಂದ ಸಂಗ್ರಹ ಇಮ್ಮಡಿಯಾದೀತು. ಆದರೆ ಸ್ವೀಕರಿಸುವವನ ಮಾನವನ್ನು ಬೆಲೆಯಾಗಿ ತೆತ್ತು ಕೂಡಿಸಿದ ಹಣವದು. ಶ್ರದ್ಧೆಯೊಂದಿಗೆ ವಿನಯದಿಂದ ಕೊಡಬೇಕೆಂದು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಗುರುಕುಲದಿಂದ ಹೊರಡುವ ಶಿಷ್ಯನಿಗೆ ವಿಧಿಸುತ್ತದೆ. ಅಲ್ಲಿ ನಾಚಿಕೊಳ್ಳಬೇಕಾದವನು ಕೊಡುವವನು. ಸಭೆಯಲ್ಲಿ ನಿಂತ ರೋಗಿಯ ಪಾಲಿಗೆ ಆ ನಾಚಿಕೆಯನ್ನು ನಾವು ದಾಟಿಸುತ್ತೇವೆ.

ಈ ಎಚ್ಚರವಿದ್ದಲ್ಲಿ ಗೃಹಿಣಿಯು ನಿಸ್ಸಂಕೋಚವಾಗಿ ಒಲೆಯ ಮೇಲೆ ಚಹದ ನೀರಿಡಲಿ. ಜೀವನು ಅಸ್ವತಂತ್ರ, ಕೊಟ್ಟವನು, ಕೊಡಿಸಿದವಳು, ಪಡೆದವನು ಎಲ್ಲರೂ ಹರಿಯ ಅಧೀನರು. “ನಾನು ಇಷ್ಟು ಕೂಡಿಸಿದೆ” ಎಂಬ ಮಾತು ಕೂಟ ಮುಗಿದ ಮೇಲೆ ನಾಲಗೆಗೆ ಬರದಂತೆ ನೋಡಿಕೊಳ್ಳುವುದು ಆಕೆಯ ಕೊನೆಯ ಮತ್ತು ಕಠಿಣವಾದ ಕೆಲಸ.

ಶ್ರೀಕೃಷ್ಣಾರ್ಪಣಮಸ್ತು.